ಕಬ್ಬಿಗೆ ಬಿಸಿನೀರು: ಬಳಕೆದಾರರ ಕೈಪಿಡಿ (ಪಾಪಿನಾಯಕನಹಳ್ಳಿ ಆವೃತ್ತಿ)

ಕಂಪ್ಲಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಿತ್ತನೆ ಕಬ್ಬು ತಂದ ಪಿ.ಕೆ. ಹಳ್ಳಿಯ ಮಹನೀಯರಿಗೆ ಅಭಿನಂದನೆ. ಕಬ್ಬಿನ ಜೊತೆ ರೋಗವೂ ಉಚಿತವಾಗಿ ಬಂದಿರಬಹುದು. ತುಂಡು ನೋಡಿದರೆ ಗೊತ್ತಾಗುವುದಿಲ್ಲ. ಹೊಲದಲ್ಲಿ ಕಬ್ಬಿನ ಬದಲು ಬಿಳಿಚಿದ ಹುಲ್ಲಿನ ಪೊದೆ ಎದ್ದ ಮೇಲೆ ಗೊತ್ತಾಗುತ್ತದೆ. ಫೈಟೋಪ್ಲಾಸ್ಮಾ ಎಂಬ ಆ ರೋಗಾಣು ತುಂಡಿನ ಒಳಗೇ ಕೂತಿರುತ್ತದೆ. ಹೊರಗೆ ಸವರಿದ ಔಷಧ ಅದಕ್ಕೆ ಮುಟ್ಟದು, ಶಾಖ ಮುಟ್ಟುತ್ತದೆ.

ಬೇಕಾದ ಸಾಮಾನು: ದೊಡ್ಡ ಹಂಡೆ, ಒಲೆ, ನೀರು ಕಲಕುತ್ತಲೇ ಇರಲು ಒಬ್ಬ ಆಳು, ಥರ್ಮಾಮೀಟರ್. ಜ್ವರ ನೋಡುವುದನ್ನು ತರಬೇಡಿ, ಅದು 42ಕ್ಕೇ ಕೈಚೆಲ್ಲುತ್ತದೆ. ಬೆರಳು ಅದ್ದಿ ‘ಸಾಕು ಬಿಡ್ರೀ’ ಎನ್ನುವ ಮಾವನವರಿಗೆ ಚಹಾ ಕೊಟ್ಟು ಗೌರವದಿಂದ ಕಟ್ಟೆಯ ಮೇಲೆ ಕೂರಿಸಿ.

ವಿಧಾನ: ನೀರು 50 ಡಿಗ್ರಿ, ಹೊತ್ತು 2 ಗಂಟೆ. ತಣ್ಣನೆಯ ಕಬ್ಬು ಬಿದ್ದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ. ಅದು ಮತ್ತೆ 50 ಮುಟ್ಟಿದ ಮೇಲೆ ಗಡಿಯಾರ ನೋಡಿ. ಬಿಸಿ ಏರಿದರೆ ಕಬ್ಬಿನ ಕಣ್ಣು ಬೇಯುತ್ತದೆ. ಇಳಿದರೆ ರೋಗಾಣುವಿಗೆ ದೀಪಾವಳಿಯ ಅಭ್ಯಂಜನವಾಗುತ್ತದೆ, ಅಷ್ಟೇ. ಈ ಇಕ್ಕಟ್ಟಿನ ನಡುವೆ ಫೋನ್ ಬಂದರೆ ಎತ್ತಬೇಡಿ. ಅದಿರಿನ ಲಾರಿಯ ಕೆಂಪು ದೂಳು ಹಂಡೆಗೆ ಬಿದ್ದರೆ ಚಿಂತೆಯಿಲ್ಲ, ನಮ್ಮೂರಿನಲ್ಲಿ ಅದು ಎಲ್ಲಕ್ಕೂ ಬೀಳುತ್ತದೆ.

‘ಇಷ್ಟು ಬಿಸಿಲಿರುವಾಗ ಒಲೆ ಯಾಕೆ?’ ಎಂದು ಕಟ್ಟೆಯಿಂದ ಪ್ರಶ್ನೆ ಬರುತ್ತದೆ. ಪ್ರಶ್ನೆ ದಡ್ಡತನದ್ದಲ್ಲ. 1934ರಲ್ಲಿ ಪಂಜಾಬಿನ ಲುಥ್ರಾ ಮತ್ತು ಸತ್ತಾರ್ ಗೋಧಿ ಬೀಜವನ್ನು ಬೆಳಗ್ಗೆ ನಾಲ್ಕು ತಾಸು ನೆನೆಸಿ, ನಡುಮಧ್ಯಾಹ್ನದ ಬಿಸಿಲಿಗೆ ಹರವಿ, ಒಳಗಿನ ಕಾಡಿಗೆ ರೋಗವನ್ನು ಕಾಸು ಖರ್ಚಿಲ್ಲದೆ ಸಾಯಿಸಿ ತೋರಿಸಿದರು. ಆದರೆ ಅದು ಗೋಧಿ. ಕಬ್ಬನ್ನು ನಮ್ಮ ಮೇ ಬಿಸಿಲಿಗೆ ಹರವಿದರೆ ರೋಗಕ್ಕಿಂತ ಮೊದಲು ಕಣ್ಣು ಒಣಗುತ್ತದೆ.

ಎಲ್ಲ ಎಕರೆಗೂ ಕಬ್ಬು ಬೇಯಿಸಲು ಹೊರಟವರು ಸೌದೆಯ ಲೆಕ್ಕ ಹಾಕಿ. ಬಿಸಿನೀರು ಕಂಡ ತುಂಡನ್ನು ಬೀಜದ ಮಡಿಯಲ್ಲಿ ಮಾತ್ರ ನೆಟ್ಟು, ಅಲ್ಲಿ ಬೆಳೆದದ್ದನ್ನು ಮುಂದೆ ಹೊಲಕ್ಕೆ ಹಬ್ಬಿಸುವುದು ರೂಢಿ. ಹಂಡೆಯಿಂದ ತೆಗೆದ ತುಂಡು ಸೋತಿರುತ್ತದೆ. ಆರಿದ ಮೇಲೆ ಶಿಲೀಂಧ್ರನಾಶಕದಲ್ಲಿ ಅದ್ದಿ ಬೇಗ ನೆಡಿ.

ಗ್ಯಾರಂಟಿ: ಹಂಡೆಯೊಳಗೆ ಇರುವವರೆಗೆ ಮಾತ್ರ. ಪಕ್ಕದ ಹೊಲದ ಕೂಳೆಯಲ್ಲಿ ರೋಗವಿದ್ದರೆ ಜಿಗಿಹುಳು ಅದನ್ನು ಮತ್ತೆ ಹೊತ್ತು ತರುತ್ತದೆ. ಜಿಗಿಹುಳುವನ್ನಾಗಲಿ, ಆ ಹೊಲದ ಯಜಮಾನರನ್ನಾಗಲಿ ಹಂಡೆಯಲ್ಲಿ ಅದ್ದಬಾರದು. ಹುಲ್ಲಾದ ಬುಡ ಕಂಡರೆ ಕಿತ್ತು ಸುಡಿ. ಅವರಿಗೂ ಕೀಳಲು ಹೇಳಿ, ಚಹಾದ ಹೊತ್ತಿನಲ್ಲಿ.