ತಡವಾಯ್ತು ಅಂದವರಿಗೆ ಒಂದು ಪತ್ರ

ಕರಿಯರ್ ಗೈಡೆನ್ಸ್ ಮಹಾಶಯರೇ,

ನಿನ್ನೆ ಭಾನುವಾರ ತಿಪಟೂರಿನ ಕಲ್ಯಾಣ ಮಂಟಪದಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ತಾವು ನಡೆಸಿದ 'ಉಚಿತ ಮಾರ್ಗದರ್ಶನ ಶಿಬಿರ'ಕ್ಕೆ ಮಗಳನ್ನು ಕರೆದುಕೊಂಡು ಬಂದಿದ್ದ ತೆಂಗಿನ ತೋಟದವನು ನಾನು. ಹಿಂದಿನ ಸಾಲಿನಲ್ಲಿ, ತಿರುಗದ ಫ್ಯಾನಿನ ಕೆಳಗೆ ಕೂತಿದ್ದೆ. ಹತ್ತು ಗಂಟೆಗೆ ಸರಿಯಾಗಿ ಶುರು ಅಂತ ಕರಪತ್ರದಲ್ಲಿತ್ತು. ತಾವು ಬಂದಾಗ ಹನ್ನೆರಡೂವರೆ. ಬಂದವರೇ ಒಂದು ಎಳನೀರು ಕುಡಿದು, ಮೈಕು ತಟ್ಟಿ, ಆಡಿದ ಮೊದಲ ಮಾತು: "ಪೇರೆಂಟ್ಸ್, ನೀವು ತುಂಬಾ ತಡ ಮಾಡಿಬಿಟ್ಟಿದ್ದೀರಿ."

ನನ್ನ ವಾಚು ನೋಡಿಕೊಂಡೆ. ಕೆಟ್ಟಿರಲಿಲ್ಲ.

ಮಕ್ಕಳನ್ನು ಆರನೇ ಕ್ಲಾಸಿನಲ್ಲೇ ಫೌಂಡೇಶನ್‌ಗೆ ಸೇರಿಸಬೇಕಿತ್ತಂತೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆಂದು ಒಂದು ಮಾರ್ಗಸೂಚಿ ಹೊರಡಿಸಿತ್ತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬೇಡಿ, ಹತ್ತನೇ ಕ್ಲಾಸಿನ ಪರೀಕ್ಷೆಯಾದರೂ ಮುಗಿಯಲಿ, ರ್‍ಯಾಂಕು ಗ್ಯಾರಂಟಿ ಅಂತ ಆಸೆ ಹುಟ್ಟಿಸಬೇಡಿ ಅಂತ. ಹಾಗಾದರೆ ದಿಲ್ಲಿಯವರ ಲೆಕ್ಕದಲ್ಲಿ ನನ್ನ ಮಗಳು ಬೇಗ ಬಂದಿದ್ದಾಳೆ, ತಮ್ಮ ಲೆಕ್ಕದಲ್ಲಿ ನಾಲ್ಕು ವರ್ಷ ತಡ. ತಮ್ಮದು ಕಾಲೇಜಿನೊಳಗೇ ನಡೆಯುವ 'ಇಂಟಿಗ್ರೇಟೆಡ್' ಆದ್ದರಿಂದ ಅದು ಕೋಚಿಂಗೇ ಅಲ್ಲ ಅಂದಿರಿ. ಒಪ್ಪಿದೆ. ಕೈಗೆ ಕೊಟ್ಟ ಫೀಸಿನ ಹಾಳೆಯಲ್ಲಿ ಮಾತ್ರ ಅದನ್ನು ಕೋಚಿಂಗ್ ಅಂತಲೇ ಬರೆದು, ಅದಕ್ಕೇ ದೊಡ್ಡ ಮೊತ್ತ ಹಾಕಿದ್ದೀರಿ.

ಪರದೆಯ ಮೇಲೆ ಟಾಪರುಗಳು ಬಂದರು. ಅದರಲ್ಲೊಬ್ಬ ಹುಡುಗ ಬಸ್‌ಸ್ಟ್ಯಾಂಡಿನ ಎದುರಿಗೆ ಬೇರೆ ಸಂಸ್ಥೆಯ ಫ್ಲೆಕ್ಸಿನಲ್ಲೂ ನಗುತ್ತಿದ್ದಾನೆ. ಎರಡು ಕಡೆ ಓದಿದನೋ, ಎರಡು ಕಡೆ ನಕ್ಕನೋ. ನೀಟ್ ಅಂದರೆ 180 ಪ್ರಶ್ನೆ, 720 ಅಂಕ ಅಂತ ತಾವು ಮಂತ್ರದ ಹಾಗೆ ಹೇಳಿಸಿದಿರಿ. ಆಮೇಲೆ ಜೆಇಇ. ಕಾಮರ್ಸಿಗೆ ಒಂದು ಸ್ಲೈಡು. ಆರ್ಟ್ಸ್ ಅನ್ನುವುದು ತಮ್ಮ ಬಾಯಲ್ಲಿ ಬರಲೇ ಇಲ್ಲ. ಡಿಪ್ಲೊಮಾ ಬಗ್ಗೆ ಕೇಳಿದ ಹುಡುಗನಿಗೆ "ಅದು ಬೇರೆ ಥರದ ಮಕ್ಕಳಿಗೆ" ಅಂದಿರಿ. ಅವನು ನನ್ನ ಪಕ್ಕದಲ್ಲೇ ಇದ್ದ. ಮೂರು ವರ್ಷ ಪಾಲಿಟೆಕ್ನಿಕ್ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು ಕಣಪ್ಪ ಅಂತ ಪಿಸುಗುಟ್ಟಿದೆ. ತಮ್ಮ ವಾಲಂಟಿಯರು ನನ್ನನ್ನು ಸುಮ್ಮನಿರಿಸಿದ.

ಇಷ್ಟನ್ನೂ ನುಂಗಿಕೊಳ್ಳಬಹುದಿತ್ತು. ಅಷ್ಟರಲ್ಲಿ ನನ್ನ ಮಗಳು ಕೈಯೆತ್ತಿದಳು.

ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಎದ್ದು ನಿಂತು, "ಸರ್, ಬಿಎಸ್ಸಿ ತೋಟಗಾರಿಕೆ ಓದಬೇಕಂದ್ರೆ ಪಿಯುಸಿಲಿ ಏನು ತಗೋಬೇಕು?" ಅಂತ ಕೇಳಿದಳು. ತಾವು ನಕ್ಕಿರಿ. "ಅದೆಲ್ಲೂ ಓಡಿಹೋಗಲ್ಲಮ್ಮ, ನೀಟ್ ಆಗ್ಲಿಲ್ಲ ಅಂದ್ರೆ ಕೊನೆಗೆ ಇದ್ದೇ ಇದೆ." ಮುಂದಿನ ಸಾಲಿನವರೂ ನಕ್ಕರು. ಅವಳು ಕೂತಳು.

ಕೊನೆಗೆ ಇದ್ದೇ ಇದೆಯೇ ಸ್ವಾಮಿ? ಆ ಮಾತಾಡುವ ಮೊದಲು ತಾವು ಕುಡಿದ ಎಳನೀರು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಿಟ್ಟಿತ್ತು? ನಮ್ಮ ತೋಟಕ್ಕೆ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಬೆಂಕಿಗೆ ಸಿಕ್ಕಿದಂತೆ ಒಣಗಿದಾಗ ಇಲಾಖೆಯವರು ಗೋನಿಯೋಜಸ್ ಅಂತ ಒಂದು ಪರಾವಲಂಬಿ ಕೀಟ ತಂದು ಬಿಟ್ಟರು. ಇರುವೆಯಷ್ಟಿರುವ ಅದು ಹುಳುವನ್ನು ಹುಡುಕಿಕೊಂಡು ಹೋಗಿ ಅದರ ಮೈಮೇಲೇ ಮೊಟ್ಟೆಯಿಡುತ್ತದೆ. ಆವತ್ತಿನಿಂದ ಈ ಹುಡುಗಿಗೆ ಅದೇ ಧ್ಯಾನ. ಗರಿ ಕಿತ್ತು ತಂದು, ಗಾಜಿನ ಬಾಟಲಿಯಲ್ಲಿ ಹುಳ ಸಾಕಿ, ಅವರಮ್ಮನ ಕೈಲಿ ಬೈಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮಾರ್ಗದರ್ಶನ ಅಂತ ಬೋರ್ಡು ಹಾಕಿಕೊಂಡವರಿಗೆ ಹತ್ತನೇ ಕ್ಲಾಸಿನ ಮಗುವೊಂದು ತನಗೇನು ಬೇಕು ಅಂತ ಗೊತ್ತಿದ್ದು ಬಂದು ಕೇಳಿದ್ದು ಅಷ್ಟು ನಗುವಿನ ವಿಷಯವೇ?

ಉತ್ತರ ಹೇಳಲು ಎರಡು ನಿಮಿಷ ಸಾಕಿತ್ತು. ಪಿಸಿಎಂಬಿ ತಗೋಮ್ಮ, ನೀಟ್ ಬೇಕಿಲ್ಲ, ಕೆಸಿಇಟಿ ಬರೆ. ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯವಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೊಂದು ಮೀಸಲು, ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಇನ್ನೊಂದು. ಬಿಇಒ ಸಹಿಯ ಸರ್ಟಿಫಿಕೇಟುಗಳನ್ನು ಈಗಲೇ ಮಾಡಿಸಿಟ್ಟುಕೊ. ಇಷ್ಟೇ. ಇದರಲ್ಲಿ ಫೀಸಿನ ಹಾಳೆ ಎಲ್ಲೂ ಬರುವುದಿಲ್ಲ, ಅದಕ್ಕೇ ತಮಗೆ ನೆನಪಾಗಲಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಮಂಟಪದ ಹೊರಗೆ ಟೀ ಕುಡಿಯುತ್ತಿದ್ದ ಸರ್ಕಾರಿ ಹೈಸ್ಕೂಲಿನ ಮೇಷ್ಟರು. ಅವರೂ ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು. ವೇದಿಕೆಯ ಮೇಲೆ ಅವರನ್ನು ಕೂರಿಸಿದ್ದರೆ ಹತ್ತೂಕಾಲಿಗೆಲ್ಲ ನಾವು ಮನೆಗೆ ಹೊರಡುತ್ತಿದ್ದೆವು. ಆದರೆ ಪಾಪ, ಅವರು ಸರಿಯಾದ ಟೈಮಿಗೆ ಬಂದುಬಿಟ್ಟಿದ್ದರು. ಅಂಥವರನ್ನು ಯಾರು ಮುಖ್ಯ ಅತಿಥಿ ಮಾಡುತ್ತಾರೆ?

ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಅಪ್ಪ, ನೀಟೇ ಬರೀಲಾ?" ಅಂದಳು. ನಿನ್ನೆಯ ಬೆಳಿಗ್ಗೆಯವರೆಗೆ ಈ ಮನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ತಾವು ಉಚಿತವಾಗಿ ಕೊಟ್ಟು ಕಳಿಸಿದ್ದು ಇದೊಂದೇ. ಇದನ್ನು ವಾಪಸು ತೆಗೆದುಕೊಂಡು ಹೋಗಲು ಯಾವಾಗ ಬರುತ್ತೀರಿ? ಹತ್ತು ಗಂಟೆಗೆ ಅಂತ ಹೇಳಿ ಹನ್ನೆರಡೂವರೆಗೆ ಬಂದರೂ ಪರವಾಗಿಲ್ಲ, ಕಾಯುತ್ತೇನೆ.

ಕೊನೆಯದಾಗಿ ಫೋನಿನ ವಿಷಯ. ಬಾಗಿಲಲ್ಲಿ ತುಂಬಿಸಿಕೊಂಡ ಫಾರಂನಲ್ಲಿ ನಾನು ನನ್ನ ಭಾವಮೈದುನನ ನಂಬರು ಬರೆದಿದ್ದೆ. ಬೆಳಿಗ್ಗೆಯಿಂದ ತಮ್ಮ ಆಫೀಸಿನ ಹುಡುಗಿ ಅವನಿಗೆ ಬಿಡದೆ ಫೋನು ಮಾಡುತ್ತಿದ್ದಾಳಂತೆ. ಅವನಿಗಿನ್ನೂ ಮದುವೆಯಾಗಿಲ್ಲ. ಆದರೂ ಮಗುವಿನ ಅಡ್ಮಿಶನ್‌ಗೆ ಆಗಲೇ ತಡವಾಗಿದೆ ಅಂದಳಂತೆ.

ಇಂತಿ,
ಹಿಂದಿನ ಸಾಲಿನವನು