ಮಾರುತಿ ಹಾರಿದ್ದು ಹೌದು, ಭಾವಾ!

ಎಕ್ಕಂಬಿಯ ಭಾವನವರಿಗೆ ಬಹಿರಂಗವಾಗಿಯೇ ಬರೆಯುವ ನಮಸ್ಕಾರಗಳು.

ಅಡಿಕೆ ಅಂಗಳದ ಮಾಡಿನ ಕೆಳಗೆ ವಿಮಾನದ ರೆಕ್ಕೆ ತಯಾರಾಗಿದೆ, ಬಾಲ ತಯಾರಾಗಿದೆ, ಗಾಲಿ ಕೂತಿದೆ, ಇಂಜಿನ್ ಒಂದೇ ಬಾಕಿ ಎಂದು ನೀವು ಸೊಸೈಟಿಯ ಜಗುಲಿಯಲ್ಲಿ ಹೇಳಿದಿರಂತೆ. ನಮ್ಮ ಕಡೆಯ ಮಾಣಿಗಳ ಮದುವೆಯೂ ಹೀಗೇ ಅಲ್ಲವೇ? ಮನೆಗೆ ಟೈಲ್ಸ್ ಹಾಕಿಸಿ ಆಗಿರುತ್ತದೆ, ಅಡುಗೆಯವರಿಗೆ ಹೇಳಿ ಆಗಿರುತ್ತದೆ, ಕೂಸು ಮಾತ್ರ ಸಿಕ್ಕಿರುವುದಿಲ್ಲ. ಆದರೆ ನಿಮಗೆ ಆ ಚಿಂತೆಯೂ ಇಲ್ಲವಂತೆ. ಕೊಟ್ಟಿಗೆಯ ಹಿಂದೆ ತಾಡಪಾಲು ಹೊದ್ದು ಮಲಗಿರುವ ಮಾರುತಿ 800ರ ಇಂಜಿನ್ನನ್ನೇ ಬಿಚ್ಚಿ ವಿಮಾನದ ಮೂತಿಗೆ ಕಟ್ಟುವುದೆಂದು ತೀರ್ಮಾನಿಸಿದ್ದೀರಿ. ಮನೆಯಲ್ಲೇ ಇರುವಾಗ ಹೊರಗಿಂದ ತರುವುದು ಎಂತಕ್ಕೆ? ಅಡ್ಡಿಲ್ಲೆ. ಉಳಿತಾಯದ ಇಂಥ ಬುದ್ಧಿ ಬೆಂಗಳೂರಿನವರಿಗೆ ಇದ್ದಿದ್ದರೆ ದೇಶದ ಕತೆಯೇ ಬೇರೆಯಾಗುತ್ತಿತ್ತು.

ಅವರ ಅವಸ್ಥೆ ನೋಡಿ. ಎಚ್‌ಎಎಲ್‌ನವರು 1958ರಲ್ಲಿ ಪುಷ್ಪಕ ಎಂಬ ಪುಟ್ಟ ವಿಮಾನ ಹಾರಿಸಿದರು. ಹೆಸರು ರಾಮಾಯಣದ್ದು, ಒಳಗಿದ್ದ 90 ಎಚ್‌ಪಿ ಇಂಜಿನ್ ಅಮೆರಿಕದ ಕಾಂಟಿನೆಂಟಲ್ ಕಂಪನಿಯದ್ದು. 1961ರಲ್ಲಿ ಮಾರುತ್ ಎಂಬ ಯುದ್ಧವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಬರೆದ ನಕ್ಷೆಗೆ ಯಾರೂ ಹೆಸರಿಟ್ಟವರಿಲ್ಲ. ಆದರೆ ಅದಕ್ಕೆಂದು ನಂಬಿಕೊಂಡಿದ್ದ ಜೋರಿನ ಆರ್ಫಿಯಸ್ ಇಂಜಿನ್ನಿಗೆ ಬ್ರಿಟನ್ ದುಡ್ಡು ಹಾಕಲಿಲ್ಲ, ನಾವೂ ಹಾಕಲಿಲ್ಲ. ಕಡಿಮೆ ಬಲದ ಆರ್ಫಿಯಸ್ 703 ಎರಡನ್ನು ಜೋಡಿಸಿಕೊಂಡು ಆ ಚಂದದ ವಿಮಾನ ಬದುಕಿಡೀ ಏದುಸಿರು ಬಿಟ್ಟಿತು. ತೇಜಸ್‌ಗೆಂದು ನಮ್ಮದೇ ಕಾವೇರಿ ಇಂಜಿನ್ ಮಾಡಲು 1989ರಲ್ಲಿ ಮಂಜೂರಾಯಿತು. 2001ರ ಜನವರಿ 4ರಂದು ತೇಜಸ್ ಮೇಲೇರಿದ್ದು ಅಮೆರಿಕದ ಜಿಇ ಇಂಜಿನ್ನಿನ ಮೇಲೆ, ಇಂದಿಗೂ ಹಾರುವುದು ಅದರ ಮೇಲೆಯೇ. ಇವರಿಗೆಲ್ಲ ಕೊಟ್ಟಿಗೆಯ ಹಿಂದೆ ಹುಡುಕಿ ನೋಡಬೇಕೆಂದು ಹೊಳೆಯಲೇ ಇಲ್ಲ!

ನಿಮ್ಮ ಜಾತಿಯ ಸಣ್ಣ ವಿಮಾನಗಳ ಕತೆಯೂ ಬೇರೆಯಲ್ಲ. ಮನೆಯಲ್ಲಿ ವಿಮಾನ ಕಟ್ಟುವ ಹುಚ್ಚಿರುವವರಿಗಾಗಿ ಬರ್ಟ್ ರುಟಾನ್ ಬರೆದ ಲಾಂಗ್-ಈಝೀ ಎಂಬ ನಕ್ಷೆ ಇತ್ತಲ್ಲ, ಅದನ್ನೇ ಹಿಡಿದು ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲಿ ಒಂದು ಪ್ರಾಯೋಗಿಕ ವಿಮಾನ ಕಟ್ಟಿತು. ಆಮೇಲೆ 1993ರಲ್ಲಿ ಹಂಸ. ಅದರ ಮೊದಲ ರೂಪಕ್ಕೆ ಕಾಂಟಿನೆಂಟಲ್ ಇಂಜಿನ್ ಇಟ್ಟರು, ಕೊನೆಗೆ ನೆಚ್ಚಿದ್ದು ಆಸ್ಟ್ರಿಯಾದ ರೋಟ್ಯಾಕ್ಸ್ 914ನ್ನು. 2021ರಲ್ಲಿ ಹಾರಿದ ಹೊಸ ಹಂಸಕ್ಕೂ ರೋಟ್ಯಾಕ್ಸೇ. ಬೆಂಗಳೂರಿನದೇ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಳಿಸಿದ ಎಕ್ಸ್-ಏರ್ ಕಿಟ್‌ಗಳನ್ನು ಬ್ರಿಟನ್ನಿನ ಹವ್ಯಾಸಿಗಳು ತಮ್ಮ ಗ್ಯಾರೇಜುಗಳಲ್ಲಿ ಜೋಡಿಸಿಕೊಂಡು ಹಾರಿದ್ದಾರೆ. ಅವರೂ ಇಂಜಿನ್ ಅಂತ ಬಂದಾಗ ರೋಟ್ಯಾಕ್ಸೋ ಆಸ್ಟ್ರೇಲಿಯಾದ ಜಬೀರುವೋ ಎಂದು ತಲೆ ಕೆರೆದುಕೊಂಡರೇ ಹೊರತು ಹಳೆ ಕಾರಿನ ಕಡೆ ನೋಡಿದವರು ಕಮ್ಮಿ. ಆ ಎಕ್ಸ್-ಏರ್‌ನ ಒಂದು ಮಾದರಿಗೆ ಹನುಮಾನ್ ಎಂದೇ ಹೆಸರು. ಮಾರುತಿ ಹಾರಿದ್ದು ಹೌದು, ಭಾವಾ. 800 ಎಂಬ ನಂಬರಿನದ್ದು ಹಾರಿದ್ದನ್ನು ಮಾತ್ರ ನಾನು ಕೇಳಿಲ್ಲ.

ರೈಟ್ ಸಹೋದರರ ಉದಾಹರಣೆ ಕೊಟ್ಟು ನೀವು ನನ್ನ ಬಾಯಿ ಮುಚ್ಚಿಸುತ್ತೀರೆಂದು ಗೊತ್ತು. ಕಾರು ಕಂಪನಿಗಳಿಗೆಲ್ಲ ಕಾಗದ ಬರೆದು, ಬೇಕಾದಷ್ಟು ಹಗುರದ ಇಂಜಿನ್ ಯಾರಲ್ಲೂ ಸಿಗದೆ, ತಮ್ಮ ಸೈಕಲ್ ಅಂಗಡಿಯ ಚಾರ್ಲಿ ಟೇಲರ್ ಕೈಯಲ್ಲಿ ಆರು ವಾರದಲ್ಲಿ ಹೊಸದನ್ನೇ ಮಾಡಿಸಿದವರು ಅವರು. ಅಲ್ಯೂಮಿನಿಯಂ ಎರಕದ ಆ ಇಂಜಿನ್ ಕೊಟ್ಟಿದ್ದು ಬರೀ 12 ಎಚ್‌ಪಿ. ಕಾರಿನ ಇಂಜಿನ್ ಬೇಡವೆಂದವರ ಕತೆಯನ್ನು ಕಾರಿನ ಇಂಜಿನ್ನಿನ ಪರ ವಕಾಲತ್ತಿಗೆ ತಂದ ನಿಮ್ಮ ಧೈರ್ಯ ದೊಡ್ಡದು.

ಇನ್ನು ಲೆಕ್ಕ. ಮಾರುತಿಯ 796 ಸಿಸಿ ಇಂಜಿನ್ ತನ್ನ ಮೂವತ್ತೇಳು ಎಚ್‌ಪಿ ಕೊಡುವುದು ನಿಮಿಷಕ್ಕೆ 5000 ಸುತ್ತಿನ ಆಸುಪಾಸು. ನೀವು ಕೆತ್ತಿಸಿದ ಫ್ಯಾನಿನ ಅಡ್ಡಳತೆ 1.7 ಮೀಟರು. ನೇರ ಕ್ರ್ಯಾಂಕಿಗೆ ಬೋಲ್ಟ್ ಮಾಡಿದರೆ ಅದರ ತುದಿ ಸೆಕೆಂಡಿಗೆ 445 ಮೀಟರ್ ಓಡುತ್ತದೆ. ಶಬ್ದ ಓಡುವುದೇ 340ರ ಸುಮಾರು. ತುದಿ ಶಬ್ದವನ್ನು ಮೀರಿತೆಂದರೆ ಎಳೆತ ಹೋಗಿ ಬೊಬ್ಬೆಯೊಂದೇ ಉಳಿಯುತ್ತದೆ. ಯಕ್ಷಗಾನದ ರಾಕ್ಷಸ ಪ್ರವೇಶಕ್ಕೆ ಅದು ಚೆನ್ನ. ಹಾಗಾಗಿ ನಡುವೆ ಹಲ್ಲುಚಕ್ರವೋ ಬೆಲ್ಟೋ ಇಟ್ಟು ಸುತ್ತನ್ನು 2400ರ ಹತ್ತಿರಕ್ಕೆ ಇಳಿಸಬೇಕು. ಮೂರು ಸಿಲಿಂಡರಿನ ಹೊಡೆತಗಳು ಶಾಫ್ಟನ್ನು ಹಿಂಡಿ ಹಿಂಡಿ ಬಿಡುವಾಗ ಮುರಿಯುವುದು ಹೆಚ್ಚಾಗಿ ಈ ನಡುವಿನ ಸಾಮಾನೇ. ರೋಟ್ಯಾಕ್ಸ್ 912ರಲ್ಲೂ ಗೇರುಪೆಟ್ಟಿಗೆ ಇದೆ. ವ್ಯತ್ಯಾಸವೆಂದರೆ ಅದನ್ನು ಸಾವಿರಾರು ಗಂಟೆ ಓಡಿಸಿ ನೋಡಿಯಾಗಿದೆ.

ದೇವಿಮನೆ ಘಟ್ಟವನ್ನು ಐದು ಜನ ತುಂಬಿಕೊಂಡು ಹತ್ತಿದ ಇಂಜಿನ್ ಇದು ಎನ್ನುತ್ತೀರಿ. ಹತ್ತಿದ್ದು ಹೌದು, ನಡುವೆ ನಾಲ್ಕು ಕಡೆ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿದ್ದೂ ಹೌದು. ಕಾರು ಪೂರ್ತಿ ಶಕ್ತಿ ಕೇಳುವುದು ಲಾರಿ ದಾಟುವ ಅರೆಗಳಿಗೆ. ವಿಮಾನ ಮುಕ್ಕಾಲು ಶಕ್ತಿಯನ್ನು ಗಂಟೆಗಟ್ಟಲೆ ಕೇಳುತ್ತದೆ. ಮೇಲೆ ನಿಲ್ಲಿಸಿ ನೀರು ಹಾಕಲು ಚರಂಡಿಯೂ ಇಲ್ಲ. ಕಿಡಿಯ ವಿಷಯವೂ ಅಷ್ಟೆ. ವಿಮಾನದ ಇಂಜಿನ್ನಿನಲ್ಲಿ ಸಿಲಿಂಡರಿಗೆ ಎರಡು ಪ್ಲಗ್, ಎರಡಕ್ಕೂ ಬೇರೆ ಬೇರೆ ಸರ್ಕ್ಯೂಟು. ನಿಮ್ಮದಕ್ಕೆ ಒಂದೇ ಡಿಸ್ಟ್ರಿಬ್ಯೂಟರ್, ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಅತ್ತಿಗೆಯ ಸೆರಗಿನಿಂದ ಒರೆಸಿದ ಮೇಲೇ ಹೊತ್ತಿಕೊಳ್ಳುವಂಥದ್ದು. ಇಂಜಿನ್ ನಿಂತರೆ ಮುಂಡಗೋಡ ಕಡೆಯ ಗದ್ದೆಬಯಲಿನಲ್ಲಿ ಇಳಿಸಿಕೊಳ್ಳಬಹುದೇನೋ. ಶಿರಸಿ ಕಡೆ ತಿರುಗಿದ್ದಾಗ ನಿಂತರೆ ಕೆಳಗಿರುವುದು ಕಾಡು, ಇಲ್ಲವೇ ಯಾರದೋ ಫಸಲಿನ ತೋಟ. ಕೊನೆ ಕೊಯ್ಯಲು ಆಳು ಸಿಗದ ಈ ಕಾಲದಲ್ಲಿ ತೋಟದವರು ಬೇಸರಿಸಲಿಕ್ಕಿಲ್ಲ.

ಮಳೆಗಾಲ ಎಂದೆನಲ್ಲ, ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವ ವಿಷಯಕ್ಕೆ ನೀವು ನಕ್ಕಿರಂತೆ, ಇದೇನು ಕಾಶ್ಮೀರವೇ ಎಂದು. ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿಯ ಉಷ್ಣತೆ ಇಪ್ಪತ್ತು ಡಿಗ್ರಿಗೂ ಮಿಕ್ಕಿ ಇಳಿಯಬಲ್ಲದು. ಆಷಾಢದ ನಮ್ಮ ಇಪ್ಪತ್ತೆರಡು ಡಿಗ್ರಿಯ ಒದ್ದೆ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಸೈಲೆನ್ಸರ್ ಪೈಪಿನ ಸುತ್ತಲ ಬಿಸಿಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುವ ಒಂದು ಬಾಗಿಲು ಬೇಕೇ ಬೇಕು. ಜೊತೆಗೆ ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡಾ 20ರ ತನಕ ಎಥನಾಲ್. ರೋಟ್ಯಾಕ್ಸ್‌ನವರೇ ಒಪ್ಪುವುದು 10ರವರೆಗೆ ಮಾತ್ರ. ಎಥನಾಲ್ ನೀರು ಕುಡಿದು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ಕೂತರೆ ಇಂಜಿನ್ನಿಗೆ ಮೊದಲು ಸಿಗುವುದು ಆ ತೀರ್ಥವೇ.

ಇಂಜಿನ್ ಕೂರಿಸುವ ಕೆಲಸದಲ್ಲಿ ನಿಮ್ಮದು ಇನ್ನೂ ಸ್ವತಂತ್ರ ಮಾರ್ಗ. ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳ ಮೌಂಟು ಬೇಕಾದಲ್ಲಿ ಗೇಟಿನ ಆಂಗಲ್ ಕಬ್ಬಿಣ, ಸ್ಪ್ರಿಂಗ್ ವಾಷರ್ ಮತ್ತು ನಂಬಿಕೆ. ಬೋಲ್ಟಿನ ತಲೆಗೆ ತೂತು ಕೊರೆದು ತಂತಿ ಬಿಗಿಯುವುದು ಅಂಜುಬುರುಕರ ಪದ್ಧತಿ ಎಂದಿರಿ. ಅಡಿಕೆ ಸುಲಿಯುವ ಯಂತ್ರದ ನಟ್ಟುಗಳು ಅಂಗಳದ ಚಾಲಿ ಅಡಿಕೆಯಲ್ಲಿ ಸಿಗುವುದು ಯಾಕೆಂದು ಈಗ ಅರ್ಥವಾಯಿತು. ರೇಡಿಯೇಟರ್, ನೀರು, ಬೆಲ್ಟು ಎಲ್ಲ ಸೇರಿ ಮೂತಿ ಭಾರವಾದದ್ದಕ್ಕೆ ಬಾಲದಲ್ಲಿ ಅರ್ಧ ಮೂಟೆ ಅಡಿಕೆ ಇಡುವ ಯೋಜನೆ ಶಾಸ್ತ್ರಕ್ಕೆ ಒಪ್ಪುವಂಥದ್ದೇ; ತೂಕದ ಸಮತೋಲ ಬರುತ್ತದೆ. ನೆಲ ಬಿಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಒಂದು ಪರೀಕ್ಷೆಯನ್ನಾದರೂ ಮಾಡಿ: ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಪೈಪು ಬಿಚ್ಚಿ, ಬಕೆಟ್ಟಿಗೆ ಪೆಟ್ರೋಲು ಬಿಡಿ. ಮೇಲೇರುವಾಗ ಇಂಜಿನ್ ಕುಡಿಯುವುದಕ್ಕಿಂತ, ಪಂಪಿದ್ದರೆ ಕಾಲುಪಾಲು, ಬರೀ ಇಳಿಜಾರನ್ನೇ ನಂಬಿದ್ದರೆ ಅರ್ಧಪಾಲು ಹೆಚ್ಚು ಬೀಳಬೇಕು. ಸುತ್ತ ಬೀಡಿ ಸೇದುವ ಸಲಹೆಗಾರರು ನಿಲ್ಲದಂತೆ ನೋಡಿಕೊಳ್ಳಿ.

ಪರವಾನಗಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂಬಯಿಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದರು, ಸ್ವತಃ ಪೈಲಟ್ಟು ಬೇರೆ. ಡಿಜಿಸಿಎಯಿಂದ ನೋಂದಣಿ ಕೈಗೆ ಬರುವಾಗ 2017. ನೀವು ಪಂಚಾಯ್ತಿಯಿಂದ ಎನ್‌ಒಸಿ ತಂದಿಟ್ಟುಕೊಂಡಿದ್ದೀರಿ, ಒಳ್ಳೆಯದೇ.

ರೋಟ್ಯಾಕ್ಸ್ ಹೊಸದು ತರಿಸಿದರೆ ಸುಂಕ ಸೇರಿ ಇಪ್ಪತ್ತು ಲಕ್ಷ ದಾಟುತ್ತದೆ. ಈ ವರ್ಷ ಚಾಲಿಯ ದರ ಏರುವ ತನಕ ಕಾದು, ಅದನ್ನೇ ಕೊಂಡು, ಅದರ ತೂಕಕ್ಕೆ ತಕ್ಕಂತೆ ಮೂತಿಯನ್ನು ಮತ್ತೆ ಕಟ್ಟಿ. ಹಾಗೆ ಮಾಡುವುದಾದರೆ ನಿಮ್ಮ ಮಾರುತಿಯ ಇಂಜಿನ್ ಸುಮ್ಮನೆ ಬೀಳುವುದು ಬೇಡ. ಶಿವರಾತ್ರಿ ಹೊತ್ತಿಗೆ ನಮ್ಮ ಹಳ್ಳ ಇಳಿಯುತ್ತದೆ, ಕರೆಂಟು ಹಗಲು ಇರುವುದಿಲ್ಲ. ಪಂಪಿಗೆ ಜೋಡಿಸಿ ತೋಟಕ್ಕೆ ನೀರೆತ್ತಲು ಅದು ಧಾರಾಳ ಸಾಕು. ದರ ನೀವೇ ಹೇಳಿ. ಸಂಬಂಧ ನೋಡಿ ಹೇಳಿ. ರೇಡಿಯೇಟರೂ ಸೇರಿಯೇ ಹೇಳಿ.

ಇತಿ,
ನಿಮ್ಮ ಭಾವ