ಸಭಾಧ್ಯಕ್ಷರ ಪೂರ್ವಪಕ್ಷ

ನಿಷ್ಪಕ್ಷಪಾತವೆಂಬುದು ಸಭಾಧ್ಯಕ್ಷರು ಪೀಠದಲ್ಲಿ ಕೂತ ಕ್ಷಣ ಹುಟ್ಟಿ, ಎದ್ದ ಕ್ಷಣ ಲಯವಾಗುವ ಗುಣ. ಪದವನ್ನು ಬಿಡಿಸಿದರೆ ‘ಪಕ್ಷದ ಕಡೆ ಬೀಳದಿರುವುದು’ ಎಂದಾಗುತ್ತದೆ. ಶಾಸ್ತ್ರ ಬೇಡವೆಂದಿರುವುದು ಬೀಳುವುದನ್ನು. ವಾಲುವುದರ ಬಗ್ಗೆ ಅದು ಮೌನ. ಪಕ್ಷವೆಂದರೆ ರೆಕ್ಕೆ ಎಂದೂ ಅರ್ಥವಿದೆ. ಒಂದೇ ರೆಕ್ಕೆಯಲ್ಲಿ ಹಾರಿಬಂದು ಪೀಠವೇರಿದವರು ಆಮೇಲೆ ಆ ರೆಕ್ಕೆಯನ್ನು ಎಲ್ಲಿಡಬೇಕೆಂಬುದೇ ಇಲ್ಲಿನ ಮೂಲ ಜಿಜ್ಞಾಸೆ. ತರ್ಕದಲ್ಲಿ ಪೂರ್ವಪಕ್ಷವೆಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಎದುರಾಳಿಯ ವಾದ. ಸಂಸದೀಯ ಶಾಸ್ತ್ರದಲ್ಲಿ ಅದು ಟಿಕೆಟ್ ಕೊಟ್ಟ ಪಕ್ಷ. ಅದನ್ನು ಖಂಡಿಸಿದವರು ವಿರಳ.

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ರೆಕ್ಕೆಯನ್ನು ಬಾಗಿಲಲ್ಲೇ ಕತ್ತರಿಸುತ್ತಾರೆ. ಆಯ್ಕೆಯಾದ ಸ್ಪೀಕರ್ ಪಕ್ಷ ತೊರೆಯುತ್ತಾರೆ. ಮುಂದಿನ ಚುನಾವಣೆಯಲ್ಲಿ ಮರು ಆಯ್ಕೆ ಬಯಸುವ ಸ್ಪೀಕರ್ ಎಂದಷ್ಟೇ ಹೇಳಿಕೊಂಡು ನಿಲ್ಲುತ್ತಾರೆ. ಆಯ್ಕೆಯ ದಿನ ಸದಸ್ಯರು ಅವರ ತೋಳು ಹಿಡಿದು ಪೀಠಕ್ಕೆ ಎಳೆಯಬೇಕು, ಅವರು ಒಲ್ಲೆನೆಂದು ಹಿಂದಕ್ಕೆ ಜಗ್ಗಬೇಕು. ಮದುವೆ ಊಟದಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದಷ್ಟೇ ಗಂಭೀರವಾದ ಪ್ರತಿರೋಧ ಇದು. ದೊರೆಯ ಸಿಟ್ಟಿಗೆ ಸ್ಪೀಕರುಗಳ ತಲೆ ಉರುಳುತ್ತಿದ್ದ ಕಾಲದಲ್ಲಿ ಜಗ್ಗಾಟ ನಿಜವಿದ್ದೀತು. 1642ರಲ್ಲಿ ಒಂದನೇ ಚಾರ್ಲ್ಸ್ ಐವರು ಸದಸ್ಯರನ್ನು ಹಿಡಿಯಲು ಸಭೆಗೇ ನುಗ್ಗಿದಾಗ ಸ್ಪೀಕರ್ ವಿಲಿಯಂ ಲೆಂಥಾಲ್, ಸಭೆಯ ಅಪ್ಪಣೆಯಿಲ್ಲದೆ ತನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂದುಬಿಟ್ಟರು. ಕಿವಿಯ ವಿಚಾರ ಅವರು ಎತ್ತಲಿಲ್ಲ. ಧ್ವನಿಮತದ ವಿದ್ಯೆ ಇಂದಿಗೂ ಬದುಕಿರುವುದು ಬಹುಶಃ ಅದರಿಂದಲೇ.

ಅಭಿಪ್ರಾಯವುಳ್ಳ ಸ್ಪೀಕರ್ ಎಂಬ ಪ್ರಭೇದಕ್ಕೆ ಮಾದರಿ ಜಾನ್ ಬರ್ಕೋ. 2016ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟದಲ್ಲೇ ಉಳಿಯೋಣವೆಂದು ಮತ ಹಾಕಿದ್ದನ್ನು ಮರುವರ್ಷ ಅವರೇ ವಿದ್ಯಾರ್ಥಿಗಳ ಮುಂದೆ ಹೇಳಿಕೊಂಡರು. 2019ರ ಜನವರಿಯಲ್ಲಿ ಸದಸ್ಯರೊಬ್ಬರು ಎದ್ದು, ಸ್ಪೀಕರ್ ಕಾರಿನಲ್ಲಿ ಬ್ರೆಕ್ಸಿಟ್ಟನ್ನು ಒರಟಾಗಿ ಬೈಯುವ ಸ್ಟಿಕ್ಕರ್ ಇದೆಯಲ್ಲ ಎಂದರು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟು ಎಂಬ ನ್ಯಾಯದ ಪ್ರಕಾರ, ಗಾಜಿನ ಮೇಲೆ ಸ್ಟಿಕ್ಕರ್ ಕಂಡರೆ ಸ್ಟೀರಿಂಗಿನ ಹಿಂದೆ ಅಭಿಪ್ರಾಯವುಂಟು. ಬರ್ಕೋ ಉತ್ತರ ಈ ಅನುಮಾನದ ಬೇರನ್ನೇ ಕಿತ್ತಿತು: ಸ್ಟಿಕ್ಕರ್ ಹೆಂಡತಿಯದು, ಹೆಂಡತಿ ಗಂಡನ ಸ್ವತ್ತಲ್ಲ. ಹೊಗೆಯೇನೋ ಉಂಟು, ಬೆಟ್ಟ ಮಾತ್ರ ಬೇರೆ.

ಅದೇ ಮಾರ್ಚಿನಲ್ಲಿ ಅವರು, ಒಮ್ಮೆ ಸೋತ ಪ್ರಸ್ತಾವವನ್ನು ಅದೇ ಅಧಿವೇಶನದಲ್ಲಿ ಇದ್ದಹಾಗೇ ಮತ್ತೆ ತರುವಂತಿಲ್ಲವೆಂಬ 1604ರ ಕಟ್ಟಳೆಯನ್ನು ಧೂಳು ಕೊಡವಿ ಸರ್ಕಾರದ ಮುಂದಿಟ್ಟರು. ಅಭಿಪ್ರಾಯವುಳ್ಳವರ ಕೈಗೆ ಹಳೆಯ ಕಟ್ಟಳೆಗಳು ಬೇಗ ಸಿಗುತ್ತವೆ ಎಂಬ ಸಿದ್ಧಾಂತ ಆಗ ಹುಟ್ಟಿ, ಏಪ್ರಿಲ್ 3ರಂದು ತೀರಿಕೊಂಡಿತು. ಆ ದಿನ ಸರ್ಕಾರಕ್ಕೆ ಬೇಡವಾಗಿದ್ದ ತಿದ್ದುಪಡಿಯೊಂದಕ್ಕೆ 310-310 ಮತ ಬಿದ್ದವು. ಬರ್ಕೋ ‘ಇಲ್ಲ’ ಎಂದರು. ಸಭೆಯಲ್ಲಿ ಇಲ್ಲದ ಬಹುಮತವನ್ನು ಪೀಠ ಹುಟ್ಟಿಸಬಾರದೆಂಬುದು ಸ್ಪೀಕರ್ ಡೆನಿಸನ್ 1867ರಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿ. ಮತ ಬರ್ಕೋ ಬಾಯಿಂದ ಬಂತು, ಉಸಿರು ಡೆನಿಸನ್ನರದು. ಮೂಲತಃ ಕನ್ಸರ್ವೇಟಿವ್ ಆಗಿದ್ದ ಬರ್ಕೋ ಪೀಠ ಬಿಟ್ಟಮೇಲೆ, 2021ರಲ್ಲಿ, ಲೇಬರ್ ಸೇರಿದರು. ಪೂರ್ವಪಕ್ಷದ ಜೊತೆಗೆ ಉತ್ತರಪಕ್ಷವೂ ಪೂರ್ತಿಯಾಯಿತು.

ಭಾರತದಲ್ಲಿ ರೆಕ್ಕೆಯನ್ನು ಮಡಚಿಟ್ಟುಕೊಂಡರೆ ಸಾಕು. ಅಧ್ಯಕ್ಷರಾದವರು ಪಕ್ಷ ಬಿಟ್ಟರೆ ಅನರ್ಹತೆ ತಟ್ಟದೆಂದು ಸಂವಿಧಾನದ ಹತ್ತನೇ ಅನುಸೂಚಿ ವಿನಾಯಿತಿ ಕೊಟ್ಟಿದೆ. ಅದಕ್ಕಾಗಿ ನೂಕುನುಗ್ಗಲೇನೂ ಇಲ್ಲ. ಅನುಸೂಚಿ ಬರುವ ಎಷ್ಟೋ ಮೊದಲು, 1967ರಲ್ಲಿ, ನೀಲಂ ಸಂಜೀವ ರೆಡ್ಡಿ ಲೋಕಸಭೆಯ ಅಧ್ಯಕ್ಷರಾಗಿ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟರು. 1969ರಲ್ಲಿ ಅದೇ ಕಾಂಗ್ರೆಸ್ಸಿನ ಅಧಿಕೃತ ರಾಷ್ಟ್ರಪತಿ ಅಭ್ಯರ್ಥಿಯಾದರು. ಸೋಮನಾಥ ಚಟರ್ಜಿಯವರದು ಇದರ ತಿರುಗುಮುರುಗು: 2008ರಲ್ಲಿ ಅವರು ಪೀಠ ಬಿಡಲೊಲ್ಲದೆ ಇದ್ದಾಗ ಪಕ್ಷವೇ ಅವರನ್ನು ಬಿಟ್ಟಿತು.

ಪಕ್ಷಕ್ಕೆ ಹದಿನೈದು ದಿನವೆಂಬ ಅರ್ಥವೂ ಉಂಟು. ಪಕ್ಷಾಂತರದ ಅರ್ಜಿಗಳನ್ನು ಬಿಡಿಸಲು ಬೇಕಾದದ್ದು ಈ ಪಂಚಾಂಗದ ಅರ್ಥ. ಪೀಠದ ಗಡಿಯಾರ ಎಲ್ಲ ಅರ್ಜಿಗೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕರ್ನಾಟಕದಲ್ಲಿ 2010ರ ಅಕ್ಟೋಬರಿನಲ್ಲಿ 16 ಶಾಸಕರು ವಿಶ್ವಾಸಮತಕ್ಕೆ ಮೊದಲೇ, ಕೆಲವೇ ದಿನಗಳೊಳಗೆ ಅನರ್ಹರಾದರು. ಮರುವರ್ಷ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. 2019ರಲ್ಲಿ ಅನರ್ಹರಾದವರು 17. ಈ ಸಲ ಕೋರ್ಟ್ ಅನರ್ಹತೆಯನ್ನು ಒಪ್ಪಿ, ಅವಧಿ ಮುಗಿಯುವತನಕ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವನ್ನಷ್ಟೇ ತೆಗೆಯಿತು. ಮಣಿಪುರದಲ್ಲಿ 2017ರಲ್ಲಿ ಕೊಟ್ಟ ಅರ್ಜಿಗಳು 2020 ಬಂದರೂ ಕದಲಿರಲಿಲ್ಲ. ಇಂಥವನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟ್ ಆಗ ಹೇಳಿತು. ಮೂರು ತಿಂಗಳೆಂದರೆ ಆರು ಪಕ್ಷ. ಅಷ್ಟು ಪಕ್ಷಗಳು ಯಾರಿಗಾದರೂ ಸಾಕು.

ಅಧ್ಯಕ್ಷರಿಗೂ ಸ್ವಂತ ಮನಸ್ಸುಂಟು ಎಂದು ಸಂವಿಧಾನ ನೇರವಾಗಿ ಒಪ್ಪಿಕೊಳ್ಳುವ ಸಂದರ್ಭ ಒಂದಿದೆ. 96ನೇ ವಿಧಿಯ ಪ್ರಕಾರ, ತಮ್ಮನ್ನೇ ಪದಚ್ಯುತಗೊಳಿಸುವ ನಿರ್ಣಯ ಚರ್ಚೆಗೆ ಬಂದಾಗ ಲೋಕಸಭೆಯ ಅಧ್ಯಕ್ಷರು ಉಳಿದವರಂತೆ ಮಾತಾಡಬಹುದು, ಎಲ್ಲರೊಡನೆ ಮೊದಲ ಸುತ್ತಿನಲ್ಲೇ ಮತ ಹಾಕಬಹುದು. ಆ ಹೊತ್ತು ಪೀಠದಲ್ಲಿ ಬೇರೆಯವರು ಕೂತಿರುತ್ತಾರೆ.